ಜಿಡ್ಡು ಕೇಳಿ, ಉಪ್ಪು ಕೇಳಿ: ಮೆಲ್ಬರ್ನ್ ಬಡಾವಣೆಗಳಲ್ಲಿ ವೀಗನ್ ಊಟ ಹುಡುಕುವ ಬಗೆ

ಮಗಳು ಯೂನಿವರ್ಸಿಟಿ ಸೇರಿ ಎರಡು ತಿಂಗಳಾಗಿತ್ತು. ಒಂದು ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮಾ, ಇನ್ಮೇಲೆ ನಂಗೆ ಹಾಲು, ಮೊಸರು, ತುಪ್ಪ ಏನೂ ಬೇಡ. ನಾನು ವೀಗನ್" ಅಂದಳು. ನನ್ನ ಕೈಯಲ್ಲಿ ಸಾರಿಗೆ ಹಾಕೋ ಒಗ್ಗರಣೆ ಸೌಟು. ಅದರಲ್ಲಿ ತುಪ್ಪ ಆಗಲೇ ಕಾದಿತ್ತು. ಸಾಸಿವೆ ಸಿಡಿಯೋವರೆಗೂ ನಾನು ಮಾತಾಡಲಿಲ್ಲ.

"ನಾವು ಹುಟ್ಟಾ ಸಸ್ಯಾಹಾರಿಗಳು ಕಣೇ. ಇನ್ನೂ ಏನು ಬಿಡಬೇಕು?" ಅಂತ ಕೇಳಿದೆ. ಅವಳ ಪಟ್ಟಿ ಉದ್ದವಿತ್ತು.

ಮನೆ ಅಡುಗೆ ಒಂದು ವಾರದಲ್ಲಿ ಸರಿಹೋಯಿತು. ಚಿತ್ರಾನ್ನ, ಅಕ್ಕಿರೊಟ್ಟಿ, ಬಸ್ಸಾರು, ನೀರುದೋಸೆ, ಕಾಳುಪಲ್ಯ. ಯೋಚಿಸಿ ನೋಡಿದರೆ ನಮ್ಮ ಅರ್ಧ ಅಡುಗೆಗೆ ಹಾಲಿನ ಹಂಗೇ ಇಲ್ಲ. ಕಷ್ಟ ಶುರುವಾಗಿದ್ದು ಹೊರಗೆ ಊಟಕ್ಕೆ ಹೋದಾಗ. ನಮ್ಮ ಮನೆ ಇರೋದು ಮೆಲ್ಬರ್ನ್ ಪಶ್ಚಿಮದ ಟಾರ್ನೀಟ್‌ನಲ್ಲಿ. ಮೊದಮೊದಲು ಬಾಗಿಲ ಮೇಲೆ 'ವೀಗನ್' ಅಂತ ಬರೆದುಕೊಂಡ, ಸಿಟಿ ಹತ್ತಿರದ ಕೆಫೆಗಳಿಗೇ ಹೋಗುತ್ತಿದ್ದೆವು. ಬಟ್ಟಲು ಚಂದ, ಬಿಲ್ಲು ದಪ್ಪ. ಮನೆಗೆ ಬಂದು ಮತ್ತೆ ಅನ್ನಕ್ಕಿಡುವುದು ತಪ್ಪುತ್ತಿರಲಿಲ್ಲ.

ಆಮೇಲೆ ನಿಧಾನಕ್ಕೆ ಬೇರೆ ಬೇರೆ ದೇಶದವರು ನೆಲೆಸಿರುವ ಬಡಾವಣೆಗಳ ಕಡೆ ತಿರುಗಿದೆವು. ಅಲ್ಲಿನ ಬೋರ್ಡುಗಳಲ್ಲಿ 'ವೀಗನ್' ಅನ್ನೋ ಪದ ಬಹಳ ಕಡಿಮೆ. ಊಟ ಮಾತ್ರ ಬೇಕಾದಷ್ಟಿದೆ. ಅವರವರ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರಿದೆ. ಆ ಹೆಸರುಗಳು ಬಹುಪಾಲು ಹುಟ್ಟಿದ್ದು ವ್ರತ, ಉಪವಾಸ, ಹುಣ್ಣಿಮೆ, ಅಮಾವಾಸ್ಯೆಗಳಿಂದ. ಇದು ಗೊತ್ತಾದ ಮೇಲೆ ನನಗೆ ಈ ಹುಡುಕಾಟ ಸಲೀಸಾಯಿತು. ಎಷ್ಟಾದರೂ ಏಕಾದಶಿ ಅಡುಗೆ ಮಾಡಿ ಬೆಳೆದವಳು ನಾನು.

ಹೆಜ್ಜೆ 1: ಮನೆಯಲ್ಲೇ ಕೂತು ಗೆರೆ ಎಳೆದುಕೊಳ್ಳಿ

ವೀಗನ್ ಅನ್ನೋ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಸಸ್ಯಾಹಾರಿಗಳೇ ಆಗಿದ್ದ ಡೊನಾಲ್ಡ್ ವಾಟ್ಸನ್ ಮತ್ತು ಅವರ ಗೆಳೆಯರು, ಹಾಲು ಮೊಟ್ಟೆಯನ್ನೂ ಬಿಟ್ಟವರಿಗೆ ಬೇರೆ ಹೆಸರು ಬೇಕು ಅಂತ ಅದನ್ನು ಮಾಡಿಕೊಂಡರು. ಮಾಂಸ, ಮೀನು, ಮೊಟ್ಟೆ, ಹಾಲು, ಜೇನು ಎಲ್ಲವೂ ಹೊರಗೆ. ಇಷ್ಟು ಸ್ಪಷ್ಟ. ಅಂಗಡಿಯ ಕೌಂಟರಿನಲ್ಲಿ ನಿಂತಾಗ ಬರೋ ಪ್ರಶ್ನೆಗಳು ಮಾತ್ರ ಇಷ್ಟು ಸ್ಪಷ್ಟವಾಗಿರುವುದಿಲ್ಲ.

ಬೆಣ್ಣೆ ದೋಸೆ ಹಾಕಿದ ಕಾವಲಿಯಲ್ಲೇ ನಿಮ್ಮ ದೋಸೆಯೂ ಹಾಕಿದರೆ ಪರವಾಗಿಲ್ವಾ? ಮೀನು ಕರಿದ ಎಣ್ಣೆಯಲ್ಲಿ ಆಲೂಗಡ್ಡೆ ಕರಿದರೆ? ಹೊರಡುವ ಮುಂಚೆ ತೀರ್ಮಾನಿಸಿಕೊಳ್ಳಿ. ಮಧ್ಯಾಹ್ನ ಒಂದು ಗಂಟೆಗೆ ನಿಮ್ಮ ಹಿಂದೆ 12 ಜನ ಸಾಲಿನಲ್ಲಿ ನಿಂತಿರುವಾಗ ಇದನ್ನು ಚರ್ಚೆ ಮಾಡೋಕಾಗಲ್ಲ. ನನ್ನ ಮಗಳ ಗೆರೆ ಹೀಗಿದೆ: ಕಾವಲಿ ಒಂದೇ ಆದರೂ ಸರಿ, ಒರೆಸಿ ಹಾಕಿಕೊಟ್ಟರೆ ಸಾಕು. ಮೀನು ಕರಿದ ಎಣ್ಣೆ ಬೇಡ. ಜೇನು ಬೇಡ. ನಿಮ್ಮ ಗೆರೆ ಬೇರೆ ಇರಬಹುದು. ಗೆರೆ ಅಂತ ಒಂದಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಷ್ಟ.

ಹೆಜ್ಜೆ 2: ರೈಲಿನ ನಕ್ಷೆ ಬಿಡಿಸಿ

ಮೆಲ್ಬರ್ನ್‌ನಲ್ಲಿ ಊಟದ ನಕ್ಷೆ ಅಂದರೆ ರೈಲಿನ ನಕ್ಷೆಯೇ. ಒಂದೊಂದು ಕಾಲಕ್ಕೆ ಒಂದೊಂದು ದೇಶದಿಂದ ಬಂದವರು, ಆಗ ಬಾಡಿಗೆ ಕಡಿಮೆ ಇದ್ದ ಸ್ಟೇಷನ್ನುಗಳ ಸುತ್ತ ನೆಲೆಸಿದರು. ಅಂಗಡಿಗಳು ಇವತ್ತಿಗೂ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿವೆ.

ಪಶ್ಚಿಮಕ್ಕೆ ಫುಟ್ಸ್‌ಕ್ರೇ: ವಿಯೆಟ್ನಾಮಿನವರು ಮತ್ತು ಇಥಿಯೋಪಿಯಾದವರು. ಅಲ್ಲಿಂದ ಸನ್‌ಬರಿ ಕಡೆ ಹೋದರೆ ಸನ್‌ಶೈನ್, ಸೇಂಟ್ ಆಲ್ಬನ್ಸ್. ಅಲ್ಲೂ ವಿಯೆಟ್ನಾಮಿ ಅಂಗಡಿಗಳೇ ಜಾಸ್ತಿ. ಉತ್ತರಕ್ಕೆ 19ನೇ ನಂಬರಿನ ಟ್ರಾಮ್ ಸಿಡ್ನಿ ರೋಡಿನ ಉದ್ದಕ್ಕೂ ಬ್ರನ್ಸ್‌ವಿಕ್, ಕೋಬರ್ಗ್ ದಾಟಿ ಹೋಗುತ್ತದೆ. ಅದು ಲೆಬನಾನ್ ಮತ್ತು ಟರ್ಕಿಯವರ ರಸ್ತೆ. ಪೂರ್ವಕ್ಕೆ ಬಾಕ್ಸ್ ಹಿಲ್, ಚೀನಿ ಊಟಕ್ಕೆ. ಆಗ್ನೇಯದ ಪ್ಯಾಕೆನ್ಹ್ಯಾಮ್–ಕ್ರ್ಯಾನ್ಬೋರ್ನ್ ಲೈನು ಮಾತ್ರ ಒಂದು ಹಬ್ಬ. ಓಕ್ಲಿಯಲ್ಲಿ ಗ್ರೀಕರು, ಸ್ಪ್ರಿಂಗ್‌ವೇಲ್‌ನಲ್ಲಿ ವಿಯೆಟ್ನಾಂ ಮತ್ತು ಕಾಂಬೋಡಿಯಾದವರು, ಡ್ಯಾಂಡಿನಾಂಗ್‌ನಲ್ಲಿ ಅಫ್ಘಾನಿಗಳು ಮತ್ತು ನಮ್ಮವರು. ಇಲ್ಲಿನ ರೈಲು, ಟ್ರಾಮಿಗೆಲ್ಲ ನಡೆಯೋ ಒಂದೇ ಮೈಕಿ ಕಾರ್ಡ್ ತಟ್ಟಿ ಇಳಿದು ಹತ್ತಿದರೆ ಒಂದು ದಿನದಲ್ಲಿ ಮೂರು ಊಟ ಆಗುತ್ತದೆ. ಒಮ್ಮೆ ಹಾಗೆ ಮಾಡಿದ್ದೆವು. ರಾತ್ರಿ ಯಾರಿಗೂ ನಿದ್ದೆ ಬರಲಿಲ್ಲ.

ಹ್ಯಾಪಿಕೌ ಅನ್ನೋ ಆ್ಯಪ್ ಇದೆ. 1999ರಿಂದ ನಡೆಯುತ್ತಿದೆ, ವೀಗನ್ ಜಾಗಗಳನ್ನು ಜನರೇ ಸೇರಿಸುತ್ತಾರೆ. ಸಿಟಿ ಒಳಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಬಡಾವಣೆಗೆ ಬಂದರೆ ನಂಬಿ ಕೂರಬೇಡಿ. ಸಾಂಬ್ರಾಣಿ ಹಚ್ಚಿಟ್ಟ ಪುಟ್ಟ ಬೇಕರಿಯನ್ನು ಯಾರೂ ಅದರಲ್ಲಿ ಸೇರಿಸಿರೋದಿಲ್ಲ. ಅದರ ಬದಲು ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಮೆನು ಬೋರ್ಡಿನ ಫೋಟೋ ಹುಡುಕಿ, ದೊಡ್ಡದು ಮಾಡಿ ಓದಿ. ಯಾವ ಪದ ಹುಡುಕಬೇಕು ಅನ್ನೋದು ಮುಂದೆ ಇದೆ.

ಹೆಜ್ಜೆ 3: ಒಂದೇ ಸೂತ್ರ ನೆನಪಿಟ್ಟುಕೊಳ್ಳಿ

ಎರಡು ವರ್ಷ ಸುತ್ತಿದ ಮೇಲೆ ನಾನು ಕಂಡುಕೊಂಡಿದ್ದು ಇಷ್ಟು. ಭಾರತವನ್ನು ನಡುವೆ ಇಟ್ಟುಕೊಳ್ಳಿ. ಭಾರತ ಮತ್ತು ಅದರಿಂದ ಪಶ್ಚಿಮದ ಅಡುಗೆಯಾದರೆ ಜಿಡ್ಡು ಯಾವುದು ಅಂತ ಕೇಳಿ. ಪೂರ್ವದ ಅಡುಗೆಯಾದರೆ ಉಪ್ಪು ಎಲ್ಲಿಂದ ಬಂತು ಅಂತ ಕೇಳಿ.

ನಮ್ಮಲ್ಲಿ, ಅಫ್ಘಾನಿಸ್ತಾನದಲ್ಲಿ, ಟರ್ಕಿಯಲ್ಲಿ, ಲೆಬನಾನಿನಲ್ಲಿ, ಇಥಿಯೋಪಿಯಾದಲ್ಲಿ ತರಕಾರಿ ಊಟದೊಳಗೆ ಅಡಗಿ ಕೂರೋದು ತುಪ್ಪ, ಬೆಣ್ಣೆ, ಮೊಸರು. ವಿಯೆಟ್ನಾಂ, ಚೀನಾ, ಥಾಯ್ಲೆಂಡ್, ಮಲೇಷ್ಯಾ ಕಡೆ ಹಾಲಿನ ಕಾಟ ಬಹಳ ಕಡಿಮೆ. ಅಲ್ಲಿ ಅಡಗಿರೋದು ಮೀನಿನ ಸಾಸ್, ಸಿಗಡಿ ಪೇಸ್ಟ್, ಆಯ್ಸ್ಟರ್ (ಸಿಂಪಿ) ಸಾಸ್, ಕೋಳಿ ಪುಡಿ. ಅಂದರೆ ಉಪ್ಪಿನ ಜಾಗದಲ್ಲಿ ಕೂತಿರುವ ಪದಾರ್ಥಗಳು. ಈ ಎರಡರಲ್ಲಿ ಯಾವುದನ್ನು ಕೇಳಬೇಕು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹೆಜ್ಜೆ 4: ಫುಟ್ಸ್‌ಕ್ರೇಯಿಂದ ಶುರು ಮಾಡಿ, ಬುಧವಾರ ಹೋಗಿ

ಹೊಸಬರಿಗೆ ನಾನು ಮೊದಲು ಹೇಳೋದು ಇಥಿಯೋಪಿಯಾ ಊಟ. ಕಾರಣ ಸರಳ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ 180ಕ್ಕೂ ಜಾಸ್ತಿ ಉಪವಾಸದ ದಿನಗಳು. ಬಹುಪಾಲು ವಾರಗಳಲ್ಲಿ ಬುಧವಾರ, ಶುಕ್ರವಾರ. ಈಸ್ಟರ್‌ಗೆ ಮುಂಚೆ 55 ದಿನ. ಜನವರಿ 7ಕ್ಕೆ ಬರೋ ಅವರ ಕ್ರಿಸ್ಮಸ್‌ಗೆ ಮುಂಚೆ ಇನ್ನಷ್ಟು. ಆ ದಿನಗಳಲ್ಲಿ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲ. ಹೀಗಾಗಿ ಅವರ ಅಡುಗೆಯಲ್ಲಿ ಬೇಳೆ ಸೊಪ್ಪಿನ ದೊಡ್ಡ ಸಾಲೇ ಇದೆ. ಯಾರಿಗೋಸ್ಕರ ಸೇರಿಸಿದ್ದಲ್ಲ, ಅವರದೇ ಮನೆ ಊಟ.

ಟಾರ್ನೀಟ್‌ನಿಂದ ವಿ‌ಲೈನ್ ರೈಲು ಹತ್ತಿದರೆ ನೇರ ಫುಟ್ಸ್‌ಕ್ರೇ. ಇಳಿದು ನಿಕಲ್ಸನ್ ಸ್ಟ್ರೀಟ್, ಬಾರ್ಕ್ಲಿ ಸ್ಟ್ರೀಟ್ ಕಡೆ ನಡೆಯಿರಿ. ಕಾಫಿ ಹುರಿಯೋ ವಾಸನೆಯೇ ದಾರಿ ತೋರಿಸುತ್ತದೆ. ಮೆನುವಿನಲ್ಲಿ 'ಬೆಯಾಯ್ನೆತು' ಅಂತ ಹುಡುಕಿ. 'ಎಲ್ಲ ಬಗೆಯದೂ' ಅಂತ ಅರ್ಥ. ದೊಡ್ಡ ತಟ್ಟೆಯ ತುಂಬ ಇಂಜೆರಾ ಹಾಸಿರುತ್ತಾರೆ. ತೆಫ್ ಅನ್ನೋ ಕಿರುಧಾನ್ಯದ ಹಿಟ್ಟು ಕಲಸಿ, ಹುಳಿ ಬರಿಸಿ, ಒಂದೇ ಬದಿ ಬೇಯಿಸಿದ ಮೆತ್ತನೆ ರೊಟ್ಟಿ ಅದು. ನಮ್ಮ ಸೆಟ್ ದೋಸೆಯನ್ನು ಹಾಸಿಗೆಯಷ್ಟು ಅಗಲ ಮಾಡಿದ ಹಾಗೆ. ಅದರ ಮೇಲೆ ಸುತ್ತಲೂ ಸಣ್ಣ ಸಣ್ಣ ಗುಡ್ಡೆಗಳು. ಕೆಂಪಗೆ ಖಾರವಾಗಿರೋದು ಮಿಸಿರ್ ವೊಟ್, ಮಸೂರ ಬೇಳೆಯದು. ಹಳದಿಯಾಗಿ ಸಪ್ಪೆ ಇರೋದು ಕಿಕ್ ಅಲಿಚಾ. ಹಸಿರು ಸೊಪ್ಪು ಗೊಮೆನ್. ಎಲೆಕೋಸು, ಬೀಟ್‌ರೂಟ್. ನಡುವೆ ಕಡಲೆಹಿಟ್ಟಿನ ಶಿರೊ. ಉತ್ತರ ಕರ್ನಾಟಕದವರು ಶಿರೊ ಬಾಯಿಗಿಟ್ಟ ತಕ್ಷಣ ಝುಣಕ ಅನ್ನುತ್ತಾರೆ, ನೋಡ್ತಾ ಇರಿ.

ಈಗ ಜಿಡ್ಡಿನ ಮಾತು. ಅವರ ಅಡುಗೆಯಲ್ಲಿ 'ನಿತೆರ್ ಕಿಬ್ಬೆ' ಅಂತ ಇದೆ. ಮೆಂತ್ಯ, ಏಲಕ್ಕಿ, ಅರಿಸಿನದಂಥ ಮಸಾಲೆ ಹಾಕಿ ಕಾಯಿಸಿದ ತುಪ್ಪ. ಉಪವಾಸದ ದಿನ ಅದನ್ನು ಮುಟ್ಟೋದಿಲ್ಲ. ಬೇರೆ ದಿನ ಶಿರೊಗೆ ಒಂದು ಚಮಚ ಬಿದ್ದಿರಬಹುದು. ನಾವು ಮೊದಲ ಸಲ ಹೋಗಿದ್ದು ಶನಿವಾರ. ನಾನು "ಇದು ವೀಗನ್ ತಾನೆ?" ಅಂತ ಕೇಳಿದೆ. ಬಡಿಸುತ್ತಿದ್ದ ಹೆಂಗಸಿಗೆ ನನ್ನಷ್ಟೇ ವಯಸ್ಸು. ಒಂದು ಕ್ಷಣ ಯೋಚಿಸಿ, "ಮಾಂಸ ಇಲ್ಲ" ಅಂದರು. ಅದು ನನ್ನ ಪ್ರಶ್ನೆಗೆ ಉತ್ತರ ಆಗಿರಲಿಲ್ಲ. ಮಗಳು ಫೋನಿನಲ್ಲಿ ನೋಡಿಟ್ಟುಕೊಂಡಿದ್ದ ಪದ ಹೇಳಿದಳು: "ತ್ಸೊಮ್?" ಉಪವಾಸ ಅಂತ. ಅವರ ಮುಖವೇ ಬೇರೆಯಾಯಿತು. ಅಡುಗೆಮನೆಗೆ ಹೋಗಿ ಶಿರೊ ಬಟ್ಟಲು ವಾಪಸ್ ಇಟ್ಟು ಇನ್ನೊಂದು ತಂದರು. ಬೆರಳು ಮಡಚಿ ತೋರಿಸಿದರು: ಇದು, ಇದು, ಇದು, ಎಲ್ಲ ತ್ಸೊಮ್. ಇದಕ್ಕೆ ಮಾತ್ರ ಕಿಬ್ಬೆ ಹಾಕಿದ್ದೆ. ಹೋಗುವಾಗ ಬುಧವಾರ ಬನ್ನಿ, ಕೇಳೋದೇ ಬೇಡ ಅಂದರು.

ಅವತ್ತಿನಿಂದ ನಮ್ಮ ಫುಟ್ಸ್‌ಕ್ರೇ ದಿನ ಬುಧವಾರ. ಒಂದು ಎಚ್ಚರ: ಕೆಲವು ಮನೆತನಗಳಲ್ಲಿ ಉಪವಾಸಕ್ಕೆ ಮೀನು ನಡೆಯುತ್ತದೆ. ತಟ್ಟೆಯಲ್ಲಿ ಮೀನು ಕಂಡರೆ ಗೊತ್ತಾಗುತ್ತದೆ, ಅದು ಅಡಗಿ ಕೂರೋ ಪದಾರ್ಥ ಅಲ್ಲ. ಇನ್ನೊಂದು, ಇಲ್ಲಿ ಕೆಲವರು ಇಂಜೆರಾಗೆ ಗೋಧಿ ಹಿಟ್ಟನ್ನೂ ಬೆರೆಸುತ್ತಾರೆ. ಗ್ಲೂಟೆನ್ ಆಗದವರು ಕೇಳಿಕೊಳ್ಳಿ.

ಹೆಜ್ಜೆ 5: 'ಎಣ್ಣೆಯದು' ಅನ್ನೋ ಪದ ಹಿಡಿಯಿರಿ

ಇದು ನನಗೆ ಬಹಳ ಖುಷಿ ಕೊಟ್ಟ ವಿಷಯ. ಗ್ರೀಕರಲ್ಲಿ ಒಂದು ಅಡುಗೆ ಸಾಲಿಗೆ 'ಲಾದೆರಾ' ಅನ್ನುತ್ತಾರೆ. ಟರ್ಕಿಯವರು 'ಜೈತಿನ್ಯಾಲಿ' ಅನ್ನುತ್ತಾರೆ. ಲೆಬನಾನಿನವರು 'ಬಿ ಜೇತ್' ಅನ್ನುತ್ತಾರೆ. ಮೂರು ಭಾಷೆ, ಮೂರಕ್ಕೂ ಒಂದೇ ಅರ್ಥ: ಎಣ್ಣೆಯಲ್ಲಿ ಮಾಡಿದ್ದು. ಆಲಿವ್ ಎಣ್ಣೆಯಲ್ಲಿ ಬೆಂದ ಹುರುಳಿಕಾಯಿ, ಬದನೆಕಾಯಿ, ಬೆಂಡೆಕಾಯಿ, ಕಾಳು. ಬೆಣ್ಣೆ ಮಾಂಸ ಇಲ್ಲದ್ದು ಅನ್ನೋದನ್ನು ಅವರು ಎಣ್ಣೆಯ ಹೆಸರಿಟ್ಟು ಹೇಳುತ್ತಾರೆ. ನಾವು ಹೋಟೆಲಿನಲ್ಲಿ "ತುಪ್ಪನಾ, ಎಣ್ಣೆನಾ?" ಅಂತ ಕೇಳಲ್ವಾ, ಹಾಗೇ.

ಸಿಡ್ನಿ ರೋಡಿನಲ್ಲಿ ಮೊದಲು ಬೇಕರಿಗೆ ಹೋಗಿ, ಬೆಳಿಗ್ಗೆಯೇ ಹೋಗಿ. ಝಾತರ್ ಮನೂಷ್ ಕೇಳಿ. ಹಿಟ್ಟು ತಟ್ಟಿ, ಮೇಲೆ ಎಳ್ಳು, ಝಾತರ್ ಸೊಪ್ಪಿನ ಪುಡಿ, ಹುಳಿ ಪುಡಿ, ಎಣ್ಣೆ ಸವರಿ ಒಲೆಗೆ ತಳ್ಳುತ್ತಾರೆ. ಇಡೀ ರಸ್ತೆಯಲ್ಲಿ ಬಹುಶಃ ಇಷ್ಟು ಅಗ್ಗಕ್ಕೆ ಹೊಟ್ಟೆ ತುಂಬಿಸೋದು ಇನ್ನೊಂದಿಲ್ಲ. ಒಳಗೆ ಟೊಮೇಟೊ, ಸೌತೆಕಾಯಿ, ಪುದೀನ ಇಟ್ಟು ಸುತ್ತಿ ಕೊಡಿ ಅನ್ನಿ. ಮೇಲೆ ಲಬ್ನೆ ಹಾಕಲಾ ಅಂತ ಕೇಳುತ್ತಾರೆ. ಅದು ಗಟ್ಟಿ ಮೊಸರು, ಬೇಡ ಅನ್ನಿ. ಪಾಲಕ್ ತುಂಬಿದ ಮುಕ್ಕೋನದ ಫತಾಯರ್ ಸಾಮಾನ್ಯವಾಗಿ ಈರುಳ್ಳಿ ನಿಂಬೆಹುಳಿಯದು. ಆದರೆ ಅದರ ಪಕ್ಕದಲ್ಲೇ ಚೀಸ್ ಸೇರಿಸಿದ್ದೂ ಇರುತ್ತದೆ, ನೋಡೋಕೆ ಒಂದೇ ಥರ.

ಊಟದ ಹೋಟೆಲಿಗೆ ಬಂದರೆ ಹುಮ್ಮಸ್ (ಅರೆದ ಕಡಲೆಕಾಳು), ಫೂಲ್ (ಬೇಯಿಸಿದ ಕಾಳು), ತಬೂಲೆ (ಸೊಪ್ಪಿನ ಕೋಸಂಬರಿ), ಫಲಾಫೆಲ್ (ಕಾಳಿನ ವಡೆ) ಇಲ್ಲಿ ಎಲ್ಲರಿಗೂ ಗೊತ್ತು. ನಾನು ಹೇಳೋದು ಮುಜದ್ದರ. ಚೆನ್ನಂಗಿ ಬೇಳೆ, ಅಕ್ಕಿ, ಮೇಲೆ ಕಪ್ಪಾಗೋವರೆಗೂ ಹುರಿದ ಈರುಳ್ಳಿ. ಬಿಸಿಬೇಳೆಬಾತಿನ ಶಾಂತ ಸ್ವಭಾವದ ತಮ್ಮ. ಫಲಾಫೆಲ್ ರೋಲ್ ಕೊಳ್ಳುವಾಗ "ತಹಿನಿ ಹಾಕಿ, ಮೊಸರಿನ ಸಾಸ್ ಬೇಡ" ಅಂತ ಮೊದಲೇ ಹೇಳಿ. ತಹಿನಿ ಅಂದರೆ ಅರೆದ ಎಳ್ಳು. ಅವರ ಕೈ ಬಹಳ ಚುರುಕು, ನೀವು ಬಾಯಿ ತೆರೆಯೋದರೊಳಗೆ ಸಾಸ್ ಬಿದ್ದಿರುತ್ತದೆ. ಬಿಳಿ ಬೆಳ್ಳುಳ್ಳಿ ಸಾಸ್ ತೂಮ್ ಬೆಳ್ಳುಳ್ಳಿ, ಎಣ್ಣೆ, ನಿಂಬೆಹುಳಿಯದು. ಕೆಲವರು ಮೊಟ್ಟೆಯ ಬಿಳಿ ಸೇರಿಸುತ್ತಾರೆ, ಹಾಗಾಗಿ ಕೇಳಿ.

ಟರ್ಕಿಯವರ ಅಂಗಡಿಯಲ್ಲಿ 'ಯಲಾಂಜಿ ದೋಲ್ಮಾ' ಸಿಕ್ಕರೆ ಬಿಡಬೇಡಿ. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ. ಯಲಾಂಜಿ ಅಂದರೆ ಸುಳ್ಳುಗಾರ. ಒಳಗೆ ಮಾಂಸ ಇದೆ ಅಂತ ನಟಿಸಿ ಬರೀ ಅನ್ನ ತುಂಬಿಕೊಂಡಿದೆಯಲ್ಲ, ಅದಕ್ಕೆ ಆ ಬೈಗುಳ. ಬಕ್ಲಾವಾ ಕಡೆ ನೋಡಬೇಡಿ, ಅದು ಬೆಣ್ಣೆಯ ಖಜಾನೆ.

ಓಕ್ಲಿಯಲ್ಲಿ ಈಟನ್ ಮಾಲ್ ಅನ್ನೋ ನಡೆದಾಡುವ ಬೀದಿ ಇದೆ. ಹಿರಿಯ ಗ್ರೀಕರು ಬೆಳಗಿನಿಂದ ಕಾಫಿ ಹಿಡಿದು ಕೂತಿರುತ್ತಾರೆ. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಹೋದರೆ ಬೇಕರಿಗಳಲ್ಲಿ 'ನಿಸ್ತಿಸಿಮೊ' ಅನ್ನೋ ಚೀಟಿ ಕಾಣಬಹುದು, ಉಪವಾಸಕ್ಕೆ ಆಗುವಂಥದ್ದು ಅಂತ. ಹಾಲು ಮೊಟ್ಟೆ ಇರೋದಿಲ್ಲ. ಆದರೆ ಇಲ್ಲೊಂದು ಗುಂಡಿ ಇದೆ: ಅವರ ಉಪವಾಸಕ್ಕೆ ಆಕ್ಟೋಪಸ್, ಸಿಗಡಿ ನಡೆಯುತ್ತದೆ, ಜೇನೂ ನಡೆಯುತ್ತದೆ. ಸಿಹಿ ತಿಂಡಿಯಾದರೆ ಜೇನು ಕೇಳಿ, ಊಟವಾದರೆ ಸಮುದ್ರದ್ದು ಏನಾದರೂ ಇದೆಯಾ ಅಂತ ಕೇಳಿ.

ಹೆಜ್ಜೆ 6: ಪೂರ್ವದ ಅಡುಗೆಗೆ ಪಂಚಾಂಗ ನೋಡಿ ಹೊರಡಿ

ವಿಯೆಟ್ನಾಮಿ ಅಂಗಡಿಯಲ್ಲಿ ಹುಡುಕಬೇಕಾದ ಪದ 'ಚಯ್'. ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದನ್ನು ನೋಡಿ ನಾನು ಮೊದಲು ಟೀ ಅಂದುಕೊಂಡಿದ್ದೆ. ಅದು ಬೌದ್ಧರ ಸಸ್ಯಾಹಾರ. ಬಹಳ ಜನ ವಿಯೆಟ್ನಾಮಿ ಬೌದ್ಧರು ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಚಯ್ ತಿನ್ನುತ್ತಾರೆ. ಅಂದರೆ ಅಮಾವಾಸ್ಯೆಯ ಆಸುಪಾಸು ಮತ್ತು ಹುಣ್ಣಿಮೆ. ನಮ್ಮ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಸಾಕು, ಬೇರೆ ಆ್ಯಪ್ ಬೇಡ. ಒಂದು ದಿನ ಆಚೀಚೆ ಆಗಬಹುದು ಅಷ್ಟೇ. ಆ ದಿನಗಳಲ್ಲಿ ಮಾಮೂಲಿ ಅಂಗಡಿಗಳಲ್ಲೂ ಚಯ್ ತಿಂಡಿ ಜಾಸ್ತಿ ಇರುತ್ತದೆ. ಕಟ್ಟುನಿಟ್ಟಿನವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕೋದಿಲ್ಲ. ನಮ್ಮತ್ತೆ ಊರಿಂದ ಬಂದಿದ್ದಾಗ ಅವರಿಗೆ ಪೂರ್ತಿ ಒಪ್ಪಿಗೆಯಾದ ಹೊರಗಿನ ಊಟ ಇದೊಂದೇ.

ನಾನು ಎಡವಿದ್ದೂ ಇಲ್ಲೇ. ಒಂದು ಅಂಗಡಿಯಲ್ಲಿ 'ತರಕಾರಿ ರೋಲ್' ಅಂತ ಬರೆದಿತ್ತು. ಅಕ್ಕಿ ಹಾಳೆಯಲ್ಲಿ ತೋಫು (ಸೋಯಾ ಪನೀರ್), ಸೊಪ್ಪು, ಶ್ಯಾವಿಗೆ ಸುತ್ತಿದ್ದು. ಪಕ್ಕದಲ್ಲಿ ಪುಟ್ಟ ಡಬ್ಬಿಯಲ್ಲಿ ತಿಳಿ ಕಂದು ಬಣ್ಣದ ನೀರು, ಮೇಲೆ ಮೆಣಸಿನಕಾಯಿ ಚೂರು ತೇಲುತ್ತಿತ್ತು. ನಾಲ್ಕು ಸಲ ಅದ್ದಿ ತಿಂದ ಮೇಲೆ ಮಗಳು ಡಬ್ಬಿ ಮೂಸಿ ನೋಡಿ ಕೆಳಗಿಟ್ಟಳು. ಮೀನಿನ ಸಾಸ್. ರೋಲಿನಲ್ಲಿ ತಪ್ಪಿರಲಿಲ್ಲ, ಅದ್ದೋದರಲ್ಲಿತ್ತು. ಈಗ ನಾನು ಕೇಳೋದು ಹೀಗೆ: "ನೂಕ್ ಮಾಮ್ ಬೇಡ, ಸೋಯಾ ಸಾಸ್ ಕೊಡಿ." ನೂಕ್ ಮಾಮ್ ಅಂದರೆ ಮೀನಿನ ಸಾಸ್. ಉಚ್ಚಾರ ಸೊಟ್ಟಗಿದ್ದರೂ ಅರ್ಥವಾಗುತ್ತದೆ.

ಬಾನ್ ಮಿ ಚಯ್, ಅಂದರೆ ತೋಫು ಹಾಕಿದ ಬನ್ನು, ಬಹಳ ಚೆನ್ನಾಗಿರುತ್ತದೆ. ಬನ್ನಿಗೆ ಸವರೋ ಹಳದಿ ಬೆಣ್ಣೆಯಂಥದ್ದು ಎಷ್ಟೋ ಕಡೆ ಮೊಟ್ಟೆಯ ಮಯೋ. ಅದೂ ಬೇಡ, ಅರೆದ ಮಾಂಸದ ಪಾತೆಯೂ ಬೇಡ ಅನ್ನಿ. ಫೋ ಚಯ್ ಕೇಳಿದಾಗ ನೂಡಲ್ಸ್ ಮೇಲೆ ತರಕಾರಿ ಇದ್ದರೆ ಸಾಲದು, ಸಾರು ಯಾವುದರದ್ದು ಅಂತ ಕೇಳಿ. ಕೆಲವು ಕಡೆ ತರಕಾರಿ ಹಾಕಿ ಅದೇ ಮೂಳೆ ಸಾರು ಹೊಯ್ಯುತ್ತಾರೆ. ಪೂರ್ತಿ ಚಯ್ ಹೋಟೆಲುಗಳಲ್ಲಿ ಈ ಭಯ ಇಲ್ಲ. ಅಲ್ಲಿ ಮಾಂಸದ ಹಾಗೆ ಮಾಡಿದ ತಿಂಡಿಗಳಲ್ಲಿ ಮೊಟ್ಟೆಯ ಬಿಳಿಯೋ ಹಾಲಿನ ಅಂಶವೋ ಇರಬಹುದು. ತೋಫು, ಅಣಬೆ ಕಡೆ ಇದ್ದರೆ ನೆಮ್ಮದಿ.

ಬಾಕ್ಸ್ ಹಿಲ್‌ನಲ್ಲಿ ಚೀನಿ ಮೆನು ದೊಡ್ಡ ಪುಸ್ತಕ. ಹೇಳಬೇಕಾದ ಪದ 'ಚುನ್ ಸು', ಅಪ್ಪಟ ಸಸ್ಯಾಹಾರ ಅಂತ. ಬರೀ 'ತರಕಾರಿ' ಅಂದರೆ ತರಕಾರಿ ಜಾಸ್ತಿ ಇರೋ ಅಡುಗೆ ಅಂತ ತಿಳಿದುಕೊಳ್ಳಬಹುದು. ಹೆಸರನ್ನು ನಂಬಬೇಡಿ. ಸಿಚುವಾನಿನ 'ಮೀನಿನ ಘಮದ ಬದನೆಕಾಯಿ' ಅಂತ ಒಂದಿದೆ. ಅದರಲ್ಲಿ ಮೀನೇ ಇಲ್ಲ, ಆದರೆ ಎಷ್ಟೋ ಕಡೆ ಹಂದಿ ಕೈಮಾ ಇರುತ್ತದೆ. ಒಣಗಿಸಿ ಹುರಿದ ಹುರುಳಿಕಾಯಿ ಪಲ್ಯ, ಮಾಪೊ ತೋಫು ಇವಕ್ಕೂ ಅದೇ ಕಥೆ. ಕೈಮಾ ಬಿಟ್ಟು ಮಾಡಿಕೊಡಿ ಅಂದರೆ ಬಹಳಷ್ಟು ಕಡೆ ಮಾಡಿಕೊಡುತ್ತಾರೆ, ಬಾಣಲೆ ಅಡುಗೆ ತಾನೆ. ಸೊಪ್ಪಿನ ಮೇಲೆ ಹೊಯ್ಯೋದು ಆಯ್ಸ್ಟರ್ ಸಾಸಾ ಅಂತ ಕೇಳಿ. ಅಣಬೆಯಿಂದ ಮಾಡಿದ ಅದೇ ರುಚಿಯ ಸಾಸ್ ಕೆಲವರು ಇಟ್ಟಿರುತ್ತಾರೆ. ಕೋಳಿ ಪುಡಿ ಹಾಕಬೇಡಿ ಅನ್ನೋದನ್ನು ಮರೆಯಬೇಡಿ. ನಾವು ಇಂಗು ಹಾಕಿದಷ್ಟು ಸಲೀಸಾಗಿ ಅದನ್ನು ಹಾಕಿಬಿಡುತ್ತಾರೆ.

ಮಲೇಷ್ಯಾ ಊಟಕ್ಕೆ ಒಂದೇ ಮಾತು: ಲಕ್ಸಾ ಅನ್ನೋ ನೂಡಲ್ಸ್ ಸಾರಿನ ಮಸಾಲೆಯಲ್ಲೂ ಸಂಬಲ್ ಅನ್ನೋ ಖಾರದ ಚಟ್ನಿಯಲ್ಲೂ ಸಿಗಡಿ ಮೊದಲೇ ಅರೆದು ಸೇರಿಸಿರುತ್ತಾರೆ. ತೆಗೆಯೋಕೆ ಬರೋದಿಲ್ಲ. ಬೇರೆ ಏನಾದರೂ ತಿನ್ನಿ.

ಶ್ರೀಲಂಕಾದವರು ಡ್ಯಾಂಡಿನಾಂಗ್, ನೋಬಲ್ ಪಾರ್ಕ್ ಕಡೆ ಜಾಸ್ತಿ. ಅವರ ಜಿಡ್ಡು ತೆಂಗಿನಹಾಲು, ನಮಗೆ ಸ್ವರ್ಗ. ಪರಿಪ್ಪು (ಬೇಳೆ ಸಾರು), ಒತ್ತು ಶ್ಯಾವಿಗೆ, ಹಲಸಿನಕಾಯಿ ಪಲ್ಯ. ಆದರೆ ಉಪ್ಪಿನ ಕಡೆ ಹುಷಾರು. ಕಾಯಿ ಸಂಬೋಲದಲ್ಲಿ 'ಉಂಬಲಕಡ' ಅನ್ನೋ ಒಣಮೀನಿನ ಚೂರು ಬೆರೆತಿರುತ್ತದೆ. ನೋಡೋಕೆ ನಮ್ಮ ಕಾಯಿ ಚಟ್ನಿಯ ಹಾಗೇ ಇರುತ್ತದೆ, ಅದಕ್ಕೇ ಅಪಾಯ.

ಹೆಜ್ಜೆ 7: ನಮ್ಮವರ ಅಂಗಡಿಯಲ್ಲಿ ಇನ್ನೂ ಜಾಸ್ತಿ ಕೇಳಿ

ಬೇಜಾರಿನ ಮಾತಾದರೂ ಹೇಳಲೇಬೇಕು. ಟಾರ್ನೀಟ್, ಪಾಯಿಂಟ್ ಕುಕ್, ಡ್ಯಾಂಡಿನಾಂಗ್‌ನ ಫಾಸ್ಟರ್ ಸ್ಟ್ರೀಟ್, ಎಲ್ಲ ಕಡೆ ನಮ್ಮ ಹೋಟೆಲುಗಳಿವೆ. ಸಸ್ಯಾಹಾರಿ ಅಡುಗೆ ಬೇಕಾದಷ್ಟಿದೆ. ವೀಗನ್ ಊಟ ನನಗೆ ಅತಿ ಕಷ್ಟವಾಗಿದ್ದು ಇಲ್ಲೇ. ಯಾಕಂದರೆ ನಮ್ಮವರ ಲೆಕ್ಕದಲ್ಲಿ ತುಪ್ಪ ಒಂದು ಪದಾರ್ಥವೇ ಅಲ್ಲ, ಅದು ಮರ್ಯಾದೆ.

ಒಂದು ಭಾನುವಾರ ದೋಸೆ ಹೇಳಿದೆವು. "ತುಪ್ಪ, ಬೆಣ್ಣೆ ಬೇಡ ಅಣ್ಣಾ" ಅಂತ ಎರಡು ಸಲ ಹೇಳಿದೆ. "ಆಯ್ತಕ್ಕ" ಅಂದರು. ಕಾವಲಿ ಮುಂದೆಯೇ ಇತ್ತು, ನೋಡುತ್ತಾ ನಿಂತೆ. ಹಿಟ್ಟು ಹೊಯ್ದರು, ಎಣ್ಣೆ ಬಿಟ್ಟರು, ಕೆಂಪಗಾಯಿತು. ಮಡಚಿ ತಟ್ಟೆಗೆ ಹಾಕಿ, ಕೊನೆಗೆ ಅಭ್ಯಾಸಬಲದಿಂದ ಪಕ್ಕದ ಡಬ್ಬಿಯಿಂದ ಅರ್ಧ ಚಮಚ ತುಪ್ಪ ಮೇಲೆ ಸುರಿದೇ ಬಿಟ್ಟರು. ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. "ಕೈ ಕೇಳಲ್ಲ ಅಕ್ಕ" ಅಂದರು. ನನಗೂ ನಗು ಬಂತು, ನನ್ನ ಕೈಯೂ ಕೇಳಲ್ಲ. ಇನ್ನೊಂದು ಹಾಕಿಕೊಟ್ಟರು. ಮೊದಲನೇದು ನನ್ನ ಪಾಲಿಗೆ ಬಂತು.

ಯಾವುದು ಸುಲಭ, ಯಾವುದು ಬೇಡ ಅಂತ ನನ್ನ ಅನುಭವ ಹೇಳುತ್ತೇನೆ. ಇಡ್ಲಿ, ಉದ್ದಿನ ವಡೆ, ಎಣ್ಣೆಯ ಸಾದಾ ದೋಸೆ, ಕಾಯಿ ಚಟ್ನಿ, ಪೂರಿ ಸಾಗು ಸಾಮಾನ್ಯವಾಗಿ ಆಗುತ್ತವೆ. ಸಾಂಬಾರಿನ ಒಗ್ಗರಣೆ ಕೇಳಿ. ರವೆ ಇಡ್ಲಿಗೆ ಮೊಸರು, ರವೆ ದೋಸೆಗೆ ಎಷ್ಟೋ ಕಡೆ ಮಜ್ಜಿಗೆ. ಪೊಂಗಲ್ ಅಂದರೆ ತುಪ್ಪವೇ. ಉತ್ತರದ ಊಟಕ್ಕೆ ಬಂದರೆ ನಾನ್‌ನಲ್ಲಿ ಹಾಲು ಮೊಸರು, ಕೆಲವು ಕಡೆ ಮೊಟ್ಟೆಯೂ ಇರುತ್ತದೆ. ಅದರ ಬದಲು ಬೆಣ್ಣೆ ಸವರದ ತಂದೂರಿ ರೊಟ್ಟಿ ಕೇಳಿ. ಭಟೂರಕ್ಕೂ ಮೊಸರು. ದಾಲ್‌ಗೆ ಹೊಸದಾಗಿ ಎಣ್ಣೆಯ ಒಗ್ಗರಣೆ ಹಾಕಿಕೊಡಿ ಅಂತ ಕೇಳಬಹುದು. ಕುರ್ಮ ಕೇಳಬೇಡಿ, ಗ್ರೇವಿ ಬೆಳಿಗ್ಗೆಯೇ ಆಗಿರುತ್ತದೆ.

ಒಂದು ಉಪಾಯ: "ವೀಗನ್" ಅನ್ನೋದಕ್ಕಿಂತ "ಹಾಲಿನದ್ದು ಏನೂ ಬೇಡ, ತುಪ್ಪ, ಬೆಣ್ಣೆ, ಮೊಸರು, ಕೆನೆ, ಪನೀರ್" ಅಂತ ಐದೂ ಹೆಸರು ಹೇಳಿ. "ಡೈರಿ ಬೇಡ" ಅಂದಾಗ ತುಪ್ಪ ಡೈರಿ ಅಲ್ಲ ಅಂತ ನನಗೆ ಇಬ್ಬರು ವಾದ ಮಾಡಿದ್ದಾರೆ. ದೇವಸ್ಥಾನದ ಪ್ರಸಾದದಲ್ಲಿ ಕೇಳೋದನ್ನೇ ಬಿಟ್ಟಿದ್ದೇವೆ. ಕೃಷ್ಣನ ಮನೆಯಲ್ಲಿ ಬೆಣ್ಣೆ ಇಲ್ಲದೆ ಇರುತ್ತಾ? ಮಗಳು ಕೈಮುಗಿದು, ಬಾಳೆಹಣ್ಣು ತಗೊಂಡು ಬರುತ್ತಾಳೆ.

ಡ್ಯಾಂಡಿನಾಂಗ್‌ಗೆ ಹೋದವರು ಥಾಮಸ್ ಸ್ಟ್ರೀಟಿನ ಅಫ್ಘಾನ್ ಬಜಾರನ್ನೂ ನೋಡಿ ಬನ್ನಿ. ಬೊಲಾನಿ ಅಂತ ಸಿಗುತ್ತದೆ. ಹೋಳಿಗೆಯಷ್ಟು ತೆಳ್ಳಗೆ ಲಟ್ಟಿಸಿ, ಒಳಗೆ ಆಲೂಗಡ್ಡೆಯನ್ನೋ ಈರುಳ್ಳಿ ಜಾತಿಯ ಸೊಪ್ಪನ್ನೋ ತುಂಬಿ, ಎಣ್ಣೆಯಲ್ಲಿ ಬೇಯಿಸಿದ್ದು. ಜೊತೆಗೆ ಕೊಡೋ ಮೊಸರು ಬೇಡ ಅಂದರಾಯಿತು. ಅವರ ಬದನೆಕಾಯಿ ಬೊರಾನಿಗೆ ಮೊಸರು ಮೇಲೇ ಇರುತ್ತದೆ. ಹಾಕದೆ ಕೊಡಿ ಅಂದರೆ ಸಂಕೋಚವಿಲ್ಲದೆ ಕೊಡುತ್ತಾರೆ.

ಹೆಜ್ಜೆ 8: ಸುಳ್ಳು ಹೇಳದೆ ಕೇಳಿ

ಕೆಲವರು ಸುಮ್ನೆ "ನಂಗೆ ಹಾಲು ಅಲರ್ಜಿ" ಅಂದುಬಿಡುತ್ತಾರೆ. ದಯವಿಟ್ಟು ಬೇಡ. ಅಲರ್ಜಿ ಅಂದ ತಕ್ಷಣ ಸಣ್ಣ ಅಂಗಡಿಯವರು ಹೆದರಿ "ನಿಮಗೆ ಕೊಡಲ್ಲ" ಅಂದುಬಿಡಬಹುದು. ಇಲ್ಲವೇ ಪಾತ್ರೆ ಬಾಣಲೆ ಎಲ್ಲ ತೊಳೆದು ಬೇರೆ ಮಾಡುತ್ತಾರೆ. ಆಮೇಲೆ ನೀವು ಪಕ್ಕದವರ ತಟ್ಟೆಯಿಂದ ಒಂದು ತುಂಡು ತಗೊಂಡರೆ, ನಿಜವಾಗಿ ಅಲರ್ಜಿ ಇರೋ ಮುಂದಿನ ಗಿರಾಕಿಯ ಮಾತನ್ನು ಅವರು ನಂಬಲ್ಲ.

ಸುಳ್ಳಿನ ಅವಶ್ಯಕತೆಯೂ ಇಲ್ಲ. ಆಸ್ಟ್ರೇಲಿಯಾದ ನಿಯಮದ ಪ್ರಕಾರ ಪ್ಯಾಕೆಟ್ ಇಲ್ಲದೆ ಮಾರೋ ಊಟದಲ್ಲೂ ಹಾಲು, ಮೊಟ್ಟೆ, ಮೀನಿನಂಥ ಅಲರ್ಜಿ ಪದಾರ್ಥ ಇದೆಯಾ ಅಂತ ಗಿರಾಕಿ ಕೇಳಿದರೆ ಅಂಗಡಿಯವರು ಹೇಳಬೇಕು. "ಇದರಲ್ಲಿ ಹಾಲು ಇದೆಯಾ? ಮೊಟ್ಟೆ? ಮೀನು?" ಅಂತ ಒಂದೊಂದಾಗಿ ಕೇಳಿ. ಭಾಷೆ ಬರದಿದ್ದರೆ ಫೋನಿನಲ್ಲಿ ಅನುವಾದ ಮಾಡಿ ತೋರಿಸಿ. ಅನುವಾದಿಸೋಕೆ ಚಿಕ್ಕ ವಾಕ್ಯ ಹಾಕಿ: "ನಾನು ಮೀನಿನ ಸಾಸ್ ತಿನ್ನುವುದಿಲ್ಲ." ಉದ್ದ ವಾಕ್ಯ ಹಾಕಿದರೆ ಏನೇನೋ ಬರುತ್ತದೆ.

ಹೆಜ್ಜೆ 9: ವಾಪಸ್ ಬರುವಾಗ ದಿನಸಿ ಅಂಗಡಿ

ಪ್ಯಾಕೆಟ್ಟು ಊಟಕ್ಕಿಂತ ಸುಲಭ. 2024ರ ಫೆಬ್ರುವರಿಯಿಂದ ಇಲ್ಲಿ ಅಲರ್ಜಿ ಪದಾರ್ಥಗಳನ್ನು ಸರಳ ಹೆಸರಿನಲ್ಲಿ, ದಪ್ಪ ಅಕ್ಷರದಲ್ಲಿ ಬರೆಯೋದು ಕಡ್ಡಾಯ. ಹೊರದೇಶದಿಂದ ಬಂದದ್ದಕ್ಕೂ ಇದೇ ನಿಯಮ. 'ಒಳಗೊಂಡಿದೆ' (Contains) ಅನ್ನೋ ಸಾಲು ಮೊದಲು ನೋಡಿ. ಹಾಲು, ಮೊಟ್ಟೆ, ಮೀನು ಅಲ್ಲೇ ಸಿಗುತ್ತವೆ. ಆಯ್ಸ್ಟರ್ ಸಾಸ್ ಇದ್ದರೆ ಚಿಪ್ಪುಜೀವಿ ಅಂತ ಬರುತ್ತದೆ. 'ಇರಬಹುದು' (May contain) ಅನ್ನೋ ಸಾಲು ಬೇರೆ. ಅದು ಅದೇ ಯಂತ್ರದಲ್ಲಿ ಬೇರೆ ತಿಂಡಿಯೂ ಆಗಿದೆ ಅನ್ನೋ ಎಚ್ಚರಿಕೆ, ಪದಾರ್ಥವಲ್ಲ.

ಈ ಸಾಲಿನಲ್ಲಿ ಬಾರದವೂ ಇವೆ. ಜೇನು, ದನದ ಜೆಲಟಿನ್, ಹಂದಿ ಕೊಬ್ಬು ಅಲರ್ಜಿ ಪಟ್ಟಿಯಲ್ಲಿಲ್ಲ, ಹಾಗಾಗಿ ಪದಾರ್ಥಗಳ ಪಟ್ಟಿಯನ್ನೂ ಓದಬೇಕು. ನಂಬರುಗಳಲ್ಲಿ ಮೂರು ನೆನಪಿಡಿ: 120 ಅಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ, 901 ಜೇನುಮೇಣ, 904 ಅರಗು.

ನಮ್ಮ ಭಾರತದ ಅಂಗಡಿಯಲ್ಲಿ ಎಲ್ಲರೂ ಹಸಿರು ಚುಕ್ಕೆ ನೋಡಿ ಬುಟ್ಟಿಗೆ ಹಾಕುತ್ತಾರೆ. ಆ ಚುಕ್ಕೆ ಹೇಳೋದು ಸಸ್ಯಾಹಾರಿ ಅಂತ ಮಾತ್ರ. ಹಾಲಿನ ಪುಡಿ ಹಾಕಿದ ಬಿಸ್ಕತ್ತಿಗೂ ಅದೇ ಚುಕ್ಕೆ. ಭಾರತ 2022ರಲ್ಲಿ ವೀಗನ್ ತಿಂಡಿಗೆ ಬೇರೆ ನಿಯಮ ತಂದು, ಎಲೆ ಇರುವ ಹಸಿರು 'ವಿ' ಗುರುತನ್ನು ಗೊತ್ತು ಮಾಡಿದೆ. ಅದು ಕಂಡರೆ ಚಿಂತೆಯಿಲ್ಲ, ಇನ್ನೂ ಅಪರೂಪ. ನಾನು ಪ್ರತಿ ಸಲ ಹಿಂದೆ ತಿರುಗಿಸಿ ನೋಡೋದು ರಸ್ಕು, ಬಿಸಿ ಮಾಡಿ ತಿನ್ನೋ ದಾಲ್, ಫ್ರೋಜನ್ ಪರೋಟ, ಹೋಳಿಗೆ. ಹಿಂದೆ ತಿರುಗಿಸಿದಾಗ ಆಮದು ಮಾಡಿದವರ ಬಿಳಿ ಚೀಟಿ ಅಂಟಿಸಿದ್ದರೆ ಅದನ್ನೇ ಓದಿ. ಈ ದೇಶದ ನಿಯಮಕ್ಕೆ ತಕ್ಕ ಹಾಗೆ ಬರೆದಿರೋದು ಅದು.

ಫುಟ್ಸ್‌ಕ್ರೇ, ಸ್ಪ್ರಿಂಗ್‌ವೇಲ್ ಮಾರ್ಕೆಟ್ಟುಗಳಲ್ಲಿ ತೋಫು, ಅಣಬೆ, ಎಳೆ ಸೊಪ್ಪು ತಾಜಾ ಸಿಗುತ್ತದೆ. ಹಲಸಿನಕಾಯಿ ಡಬ್ಬಿ ಕೊಳ್ಳುವಾಗ ಉಪ್ಪುನೀರಿನದ್ದಾ, ಸಕ್ಕರೆ ಪಾಕದ್ದಾ ಅಂತ ನೋಡಿ. ಪಾಕದ್ದನ್ನು ಪಲ್ಯ ಮಾಡಿ ಒಂದು ಭಾನುವಾರ ಹಾಳು ಮಾಡಿಕೊಂಡಿದ್ದೇನೆ.

ಮನೆಯವರೆಲ್ಲ ಸೇರಿ ಹೋಗೋದಾದರೆ ಮಧ್ಯಾಹ್ನ ಮೂರರ ಸುಮಾರಿಗೆ ಫೋನ್ ಮಾಡಿ. ಊಟದ ಗದ್ದಲ ಮುಗಿದಿರುತ್ತದೆ, ಅಡುಗೆಯವರೇ ಮಾತಿಗೆ ಸಿಗುತ್ತಾರೆ, ನಾಳೆಗೆ ಬೇಕಿದ್ದರೆ ತುಪ್ಪವಿಲ್ಲದೆ ಒಂದು ಪಾತ್ರೆ ಬೇರೆ ಎತ್ತಿಡುತ್ತಾರೆ. ಬಾನ್ ಮಿ ಬೇಕರಿಗಳಿಗೆ ಮಾತ್ರ ಬೆಳಿಗ್ಗೆಯೇ ಹೋಗಿ, ಸಂಜೆಗೆ ಬನ್ನು ಮುಗಿದಿರುತ್ತದೆ. ಸೋಮವಾರ, ಮಂಗಳವಾರ ಹೊರಡೋದಾದರೆ ತೆರೆದಿದ್ದಾರಾ ಅಂತ ಮೊದಲು ಕೇಳಿಕೊಳ್ಳಿ. ಎಷ್ಟೋ ಸಣ್ಣ ಅಂಗಡಿಗಳಿಗೆ ರಜೆ ಆ ದಿನವೇ.